ಉಚಿತವಾಗಿ ಒಯ್ಯಲಾಗುವುದು

"ಕೆಳಗಿನಿಂದಲೂ ಒಂದು ಫೋಟೋ ಕಳಿಸಿ ಮೇಡಂ" ಅಂತ ಮೆಸೇಜ್ ಬಂತು, ಹಳೆ ಮನೆಸಾಮಾನನ್ನು ದಾನಕ್ಕೆ ಅಂತ ಮನೆಗೇ ಬಂದು ಉಚಿತವಾಗಿ ಒಯ್ಯುವ ಒಂದು ಸಂಸ್ಥೆಯಿಂದ. ನಮ್ಮ ಹಳೆ ಸೋಫಾ ಕೊಡ್ತೀವಿ ಅಂತ ಅವರಿಗೆ ಹೇಳಿದ್ದೆವು. ಸೋಫಾದ ಕೆಳಗಿನಿಂದ. ಮುಂದಿನಿಂದ ಕಳಿಸಿದ್ದೆ, ಎರಡೂ ಪಕ್ಕದಿಂದ ಕಳಿಸಿದ್ದೆ, ಕುಶನ್ ಎತ್ತಿ ಅಡಿಯದ್ದನ್ನೂ ಕಳಿಸಿದ್ದೆ. ನನ್ನದೇ ಫೋಟೋವನ್ನು ಯಾರೂ ಇಷ್ಟು ಕಡೆಯಿಂದ ಕೇಳಿದ್ದಿಲ್ಲ. ಸರಿ, ನೆಲದ ಮೇಲೆ ಅಂಗಾತ ಮಲಗಿ, ಫೋನಿನ ಟಾರ್ಚ್ ಹಾಕಿಕೊಂಡು ಒಳಗೆ ತಲೆ ತೂರಿಸಿದೆ. ತಳಕ್ಕೆ ಬಡಿದಿದ್ದ ತೆಳು ಕಪ್ಪು ಬಟ್ಟೆ ಒಂದು ಮೂಲೆಯಲ್ಲಿ ಪಿನ್ ಕಿತ್ತು ಜೋತು ಬಿದ್ದಿತ್ತು. ಆ ಜೋಲಿಯೊಳಗೆ ಒಂದು ಪೆನ್ನಿನ ಕ್ಯಾಪ್, ಒಂಟಿ ಓಲೆ, ಟೀವಿ ರಿಮೋಟಿನ ಬ್ಯಾಟರಿ ಮುಚ್ಚಳ ಎಲ್ಲ ಹಾಯಾಗಿ ಮಲಗಿದ್ದವು. ಆ ಮುಚ್ಚಳ ಇಲ್ಲದೆ ರಿಮೋಟಿಗೆ ವರ್ಷಗಟ್ಟಲೆ ಟೇಪ್ ಸುತ್ತಿಕೊಂಡು ಬಂದಿದ್ದೆವು. ಈಗ ಆ ರಿಮೋಟೂ ಇಲ್ಲ, ಆ ಟೀವಿಯೂ ಇಲ್ಲ. ಮುಚ್ಚಳ ಸಿಕ್ಕಿತು.

ನನಗೆ ಸಿಟ್ಟು ಬಂದದ್ದು ನೆಲದ ಮೇಲೆ ಮಲಗಬೇಕಾಯಿತಲ್ಲ ಅಂತ ಅಲ್ಲ. ಬಿಟ್ಟಿ ಕೊಡ್ತೀವಿ ಅಂದರೂ ಇಷ್ಟು ವಿಚಾರಣೆಯೇ ಅಂತ. ದುಡ್ಡು ಕೊಟ್ಟು ತರುವಾಗ ನಾವೇ ಅಂಗಡಿಯವನನ್ನು ಇಷ್ಟು ಕೇಳಿರಲಿಲ್ಲ. ಕಲೆ ಇದೆಯೇ, ಹರಿದಿದೆಯೇ, ಮನೆಯಲ್ಲಿ ನಾಯಿ ಬೆಕ್ಕು ಇವೆಯೇ, ಯಾರಾದರೂ ಸಿಗರೇಟು ಸೇದುತ್ತಾರೆಯೇ, ತಿಗಣೆ ಇದೆಯೇ. ತಿಗಣೆ! ಇದ್ದರೆ ಯಾರಾದರೂ ಹೌದು ಅಂತ ಬರೆಯುತ್ತಾರಾ?

ಆದರೆ ಅವರ ಕಡೆಯಿಂದ ನೋಡಿದರೆ ಕೇಳೋದರಲ್ಲಿ ತಪ್ಪಿಲ್ಲ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಪ್ರಾಣಿ ಅದು. ಒಂದು ಸೋಫಾದ ಹೊಲಿಗೆಯೊಳಗೆ ಕೂತು ಗೋಡೌನಿಗೆ ಹೋಯಿತು ಅಂದರೆ ಅಲ್ಲಿರುವ ಸೋಫಾಗಳಿಗೆಲ್ಲ ಅಂಟಿತು ಅಂತಲೇ ಲೆಕ್ಕ. ಅದಕ್ಕೇ ಬಹಳ ಸಂಸ್ಥೆಗಳು ಹಾಸಿಗೆ ಅಂದ ಕೂಡಲೇ ಬೇಡ ಅನ್ನುತ್ತವೆ. ಬ್ರಿಟನ್ನಿನಲ್ಲಿ ಇನ್ನೊಂದು ತಕರಾರು. ಅಲ್ಲಿ 1988ರ ಒಂದು ನಿಯಮವಿದೆ. ಸೋಫಾ ಸುಲಭವಾಗಿ ಬೆಂಕಿ ಹಿಡಿಯುವಂಥದ್ದಲ್ಲ ಅಂತ ಹೇಳುವ ಲೇಬಲ್ ಅದರ ಮೇಲೆ ಇರಬೇಕು. ಲೇಬಲ್ ಇಲ್ಲ ಅಂದರೆ ದಾನ ಬಂದ ಸಾಮಾನು ಮಾರುವ ಅಂಗಡಿಯವರು ಅದನ್ನು ಮುಟ್ಟುವುದಿಲ್ಲ, ಸೋಫಾ ನಿನ್ನೆ ಮೊನ್ನೆ ತಂದದ್ದಾದರೂ ಸರಿ. ಆ ಲೇಬಲ್ ಇರುವುದು ಕುಶನ್ ಅಡಿಯಲ್ಲೋ ತಳದಲ್ಲೋ. ಚುಚ್ಚುತ್ತದೆ ಅಂತ ಅದನ್ನು ಕತ್ತರಿಯಲ್ಲಿ ಕತ್ತರಿಸಿ ಎಸೆದ ಶಿಸ್ತಿನ ಮನುಷ್ಯರು ಎಷ್ಟು ಜನ ಇದ್ದಾರೋ. ಅಮೆರಿಕದಲ್ಲಿ ಪಕ್ಕದ ಕಟಕಟೆಯನ್ನು ಕೆಳಗೆ ಜಾರಿಸುವಂಥ ಮಕ್ಕಳ ಮಂಚವನ್ನು 2011ರಿಂದ ಮಾರುವ ಹಾಗಿಲ್ಲ, ಹಳೆಯದನ್ನೂ ಮಾರುವ ಹಾಗಿಲ್ಲ. ಮಕ್ಕಳು ಆ ಸಂದಿಯಲ್ಲಿ ಸಿಕ್ಕಿಕೊಂಡು ಸತ್ತಿದ್ದವು. ಹಾಗಾಗಿ ಅಟ್ಟದ ಮೇಲೆ ಜೋಪಾನವಾಗಿ ಇಟ್ಟ ಮಂಚವನ್ನು ಇಳಿಸಿ ಕೊಡಲು ಹೋದ ಅಜ್ಜಿಯರಿಗೆ ಅಲ್ಲಿ ಬೇಜಾರಾಗುವುದು ಇದ್ದದ್ದೇ.

ಇನ್ನೊಂದು ಅಮೆರಿಕದ ಕಾನೂನು ನನಗೆ ಬಹಳ ಹಿಡಿಸಿತು. ಮನೆಸಾಮಾನು ದಾನ ಕೊಟ್ಟು ತೆರಿಗೆಯಲ್ಲಿ ವಿನಾಯಿತಿ ಕೇಳಬೇಕಾದರೆ, ಸಾಮಾನು ಬಳಸುವಷ್ಟು ಚೆನ್ನಾಗಿರಬೇಕು ಅಂತ 2006ರಲ್ಲಿ ಕಾಯಿದೆಯಲ್ಲೇ ಬರೆದರು. ಯೋಚಿಸಿ, ಕೊಡುವ ವಸ್ತು ಚೆನ್ನಾಗಿರಲಿ ಅಂತ ಸಂಸತ್ತು ಕೂತು ಹೇಳಬೇಕಾಯಿತು! ಯಾಕೆ ಅಂತ ನನಗೆ ಗೊತ್ತು. ನಮ್ಮ ಪರಿಚಯದ ಒಬ್ಬರಿದ್ದಾರೆ, ಹೆಸರು ಬೇಡ. ಸ್ಪ್ರಿಂಗ್ ಹೊರಗೆ ಬಂದ ದಿವಾನವನ್ನು ದಾನಕ್ಕೆ ಅಂತ ತೆಗೆದಿಟ್ಟಿದ್ದರು. "ಇದರ ಮೇಲೆ ಯಾರು ಮಲಗ್ತಾರೆ?" ಅಂತ ಕೇಳಿದರೆ, "ಅಯ್ಯೋ, ಏನೂ ಇಲ್ಲದವರಿಗೆ ಇಷ್ಟಾದರೂ ಸಿಕ್ಕಿತಲ್ಲ ಬಿಡಿ" ಅಂದರು. ಏನೂ ಇಲ್ಲದವರಿಗೆ ಬೆನ್ನೂ ಇರುವುದಿಲ್ಲವೇ? ಬಡವರ ಬೆನ್ನಿಗೆ ಸ್ಪ್ರಿಂಗ್ ಚುಚ್ಚುವುದಿಲ್ಲವೇ? ಇಂಥವರು ತಮ್ಮ ಮನೆಯ ಕಸವನ್ನು ಇನ್ನೊಬ್ಬರ ಗಾಡಿಗೆ ಹಾಕಿ, ಮೇಲಿಂದ ಪುಣ್ಯವನ್ನೂ ಜೇಬಿಗೆ ಇಳಿಸಿಕೊಳ್ಳುತ್ತಾರೆ. ಗಾಡಿಯ ಡೀಸೆಲ್, ಡ್ರೈವರಿನ ಸಂಬಳ, ಗೋಡೌನಿನ ಬಾಡಿಗೆ, ಕೊನೆಗೆ ಯಾರಿಗೂ ಬೇಡವಾದ ಆ ದಿವಾನವನ್ನು ಕಸದ ತಿಪ್ಪೆಗೆ ಸಾಗಿಸುವ ಖರ್ಚು, ಎಲ್ಲ ಆ ಸಂಸ್ಥೆಯ ತಲೆಗೆ. ಉಚಿತ ಅನ್ನುವುದು ಕೊಡುವವರಿಗೆ ಮಾತ್ರ.

ಹೀಗೆ ಹಳೆ ಸಾಮಾನು ಒಯ್ಯುವ ಕೆಲಸವನ್ನು ಹಿಂದೆ ಮಾಡುತ್ತಿದ್ದವರದ್ದು ಇನ್ನೂ ಕಷ್ಟ. 1902ರಲ್ಲಿ ಬೋಸ್ಟನ್ನಿನಲ್ಲಿ ಎಡ್ಗರ್ ಹೆಲ್ಮ್ಸ್ ಅನ್ನುವ ಪಾದ್ರಿ ಗೋಣಿಚೀಲ ಹಿಡಿದುಕೊಂಡು ಅನುಕೂಲಸ್ಥರ ಮನೆಮನೆಗೆ ಹೋಗಿ ಹಳೆ ಬಟ್ಟೆ, ಹಳೆ ಸಾಮಾನು ಕೇಳಿ ತರುತ್ತಿದ್ದರು. ಅವನ್ನು ಸರಿಮಾಡುವ ಕೆಲಸವನ್ನು ಕೆಲಸವಿಲ್ಲದ ಬಡವರಿಗೇ ಕೊಟ್ಟು, ಕೂಲಿಯನ್ನೂ ಕೊಟ್ಟರು. ಗುಡ್‌ವಿಲ್ ಅನ್ನುವ ಅಮೆರಿಕದ ದೊಡ್ಡ ದಾನದ ಸಂಸ್ಥೆ ಬೆಳೆದದ್ದು ಹೀಗೆ. ಗೋಣಿಚೀಲದಲ್ಲಿ ದಿವಾನ ಹಿಡಿಸುವುದಿಲ್ಲ, ಅದು ಹೆಲ್ಮ್ಸ್ ಅವರ ಪುಣ್ಯ.

ಹಾಂ, ಸೋಫಾ. ಫೋಟೋ ಪಾಸಾಯಿತು. ಆಮೇಲೆ ಇನ್ನೊಂದು ಮೆಸೇಜ್. "ಸಾಮಾನು ಬಾಗಿಲ ಹೊರಗೆ ಇರಬೇಕು. ನಮ್ಮವರು ಮನೆಯೊಳಗಿನಿಂದ ಎತ್ತುವುದಿಲ್ಲ." ಮನೆಗೇ ಬಂದು ಒಯ್ಯುತ್ತೇವೆ ಅಂದಿದ್ದರಲ್ಲ, ಅದು ಮನೆಯ ಹೊರಗಿನವರೆಗೆ ಮಾತ್ರ. ಗೋಡೆ ಗೀರಿತು, ಟೈಲ್ಸ್ ಒಡೆಯಿತು, ದೀಪ ಬಿತ್ತು ಅಂತ ಜನ ಜಗಳಕ್ಕೆ ನಿಲ್ಲುತ್ತಾರಂತೆ. ನಿಲ್ಲುತ್ತಾರೆ, ನನಗೆ ಅನುಮಾನವಿಲ್ಲ.

ನಮ್ಮ ಹಾಲಿನಿಂದ ಹೊರಬಾಗಿಲಿಗೆ ಹೋಗಬೇಕಾದರೆ ಒಂದು ಇಕ್ಕಟ್ಟಾದ ಓಣಿ, ಅದರಲ್ಲಿ ಒಂದು ಲಂಬಕೋನದ ತಿರುವು. ನಮ್ಮವರು ಟೇಪ್ ಹಿಡಿದು ಸೋಫಾ ಅಳೆದರು, ಓಣಿ ಅಳೆದರು, ಮತ್ತೆ ಸೋಫಾ ಅಳೆದರು, ಅಷ್ಟರಲ್ಲಿ ಅದು ಚಿಕ್ಕದಾಗಿರಬಹುದು ಅನ್ನುವ ಹಾಗೆ. ಇದನ್ನೆಲ್ಲ ನೋಡುತ್ತಾ ಕೂತಿದ್ದ ಮಗಳು, "ಅಮ್ಮಾ, ಇದಕ್ಕೆ ಗಣಿತದಲ್ಲಿ ಒಂದು ಲೆಕ್ಕ ಇದೆ ಗೊತ್ತಾ? ಅದರ ಹೆಸರೇ ಸೋಫಾ ಲೆಕ್ಕ" ಅಂದಳು. ಅಲ್ಲಿಗೆ ಸೋಫಾ ಎತ್ತುವ ಕೆಲಸ ನಿಂತಿತು.

ನಿಜವಾಗಿಯೂ ಇದೆ. 1966ರಲ್ಲಿ ಲಿಯೋ ಮೋಸರ್ ಅನ್ನುವ ಗಣಿತಜ್ಞ ಈ ಪ್ರಶ್ನೆ ಕೇಳಿದ್ದು. ಒಂದು ಮೀಟರ್ ಅಗಲದ ಓಣಿ, ಅದು ಒಂದು ಕಡೆ ಲಂಬಕೋನದ ಮೂಲೆಯಲ್ಲಿ ತಿರುಗುತ್ತದೆ. ಆ ಮೂಲೆಯಲ್ಲಿ ಸಿಕ್ಕಿಕೊಳ್ಳದೆ ಜಾರಿಕೊಂಡು ಹೋಗುವ ಸೋಫಾ ಅತಿ ಹೆಚ್ಚು ಅಂದರೆ ಎಷ್ಟು ಜಾಗದ್ದಿರಬಹುದು? ಚೌಕದ ಸೋಫಾ ಅಂದರೆ ಒಂದು ಚದರ ಮೀಟರ್. ಅರ್ಧವೃತ್ತ ಆದರೆ ಒಂದೂವರೆಗಿಂತ ತುಸು ಜಾಸ್ತಿ. 1968ರಲ್ಲಿ ಜಾನ್ ಹ್ಯಾಮರ್ಸ್ಲಿ ಅನ್ನುವವರು ಆ ಅರ್ಧವೃತ್ತವನ್ನು ಸೀಳಿ, ಎರಡು ಹೋಳನ್ನು ದೂರ ಎಳೆದು, ನಡುವೆ ಒಳಬದಿಯಲ್ಲಿ ಒಂದು ಕಮಾನು ಕೊರೆದರು. ನೋಡಲು ಹಳೆಯ ಟೆಲಿಫೋನಿನ ರಿಸೀವರ್. ಜಾಗ ಒಂದೇ ಏಟಿಗೆ 2.2074ಕ್ಕೆ ಏರಿತು. ಇಷ್ಟಕ್ಕೇ ಸುಮ್ಮನಿರಬಹುದಿತ್ತು ಅಲ್ವಾ? ಇರಲಿಲ್ಲ. 1992ರಲ್ಲಿ ಜೋಸೆಫ್ ಗರ್ವರ್ ಅದರ ಅಂಚನ್ನು ಅಲ್ಲಲ್ಲಿ ಸವರಿ, 18 ತುಂಡು ರೇಖೆಗಳನ್ನು ಜೋಡಿಸಿ, 2.2195ಕ್ಕೆ ತಂದರು. 24 ವರ್ಷ ಕಾದದ್ದಕ್ಕೆ ಸಿಕ್ಕ ಹೆಚ್ಚುವರಿ ಜಾಗ ಒಂದು ಅಂಗೈ ಇಡುವಷ್ಟು. ಆಮೇಲೆ 2024ರ ಕೊನೆಯಲ್ಲಿ ದಕ್ಷಿಣ ಕೊರಿಯಾದ ಜಿನಿಯಾನ್ ಬೇಕ್ ಅನ್ನುವವರು, ಇದಕ್ಕಿಂತ ದೊಡ್ಡದು ಸಾಧ್ಯವೇ ಇಲ್ಲ, ಇದೇ ಕೊನೆ, ಅನ್ನುವುದಕ್ಕೆ 100ಕ್ಕೂ ಹೆಚ್ಚು ಪುಟಗಳ ಪುರಾವೆ ಬರೆದು ಮುಂದಿಟ್ಟರು.

ನನಗೆ ಇದರಲ್ಲಿ ಹಲವು ಅನುಮಾನಗಳು. ಮೊದಲನೆಯದು, ಆ ಸೋಫಾದ ಮೇಲೆ ಕೂರುವುದು ಹೇಗೆ? ನಡುವೆ ಕೂರಬೇಕಾದವರ ಜಾಗವನ್ನೇ ಕೊರೆದಿದ್ದಾರೆ. ಅದಕ್ಕೆ ಒರಗಲು ಬೆನ್ನಿಲ್ಲ, ಕೈಯಿಲ್ಲ, ಕಾಲಿಲ್ಲ, ದಪ್ಪವೇ ಇಲ್ಲ. ಅದನ್ನು ಎತ್ತುವ ಹಾಗಿಲ್ಲ, ಓರೆ ಮಾಡುವ ಹಾಗಿಲ್ಲ, ನೆಲದ ಮೇಲೇ ಜಾರಬೇಕು. ಗಣಿತಜ್ಞರ ಓಣಿಯಲ್ಲಿ ಚಪ್ಪಲಿ ಸ್ಟ್ಯಾಂಡ್ ಇಲ್ಲ, ಸ್ವಿಚ್ ಬೋರ್ಡ್ ಇಲ್ಲ, ಅರ್ಧ ತೆರೆದುಕೊಂಡು ನಿಲ್ಲುವ ಬಾತ್‌ರೂಮ್ ಬಾಗಿಲಿಲ್ಲ. ಬಹಳ ಮುಖ್ಯವಾಗಿ, "ನಿಮ್ಮ ಕಡೆ ಎತ್ತಿ, ನಿಮ್ಮ ಕಡೆ, ಅಲ್ಲ ಅಲ್ಲ, ನಿಮ್ಮ ಎಡಕ್ಕೆ" ಅನ್ನುವ ಪಕ್ಕದ ಮನೆ ಅಂಕಲ್ ಇಲ್ಲ. ಅವರು ಸೋಫಾದ ಸದ್ದು ಕೇಳಿಯೇ ಬಂದರು. ಕೈ ಹಾಕಲಿಲ್ಲ. "ಒಳಗೆ ಬಂದದ್ದು ಹೊರಗೆ ಹೋಗಲೇಬೇಕು ಕಣಮ್ಮ, ಬಂದ ದಾರಿಯಲ್ಲೇ ವಾಪಸ್" ಅಂದರು. ಲೆಕ್ಕದ ಪ್ರಕಾರ ಅವರ ಮಾತು ಸರಿ. ಆದರೆ ಸೋಫಾ ಬಂದಾಗ ಈ ಚಪ್ಪಲಿ ಸ್ಟ್ಯಾಂಡ್ ಇರಲಿಲ್ಲ, ಗೋಡೆಗೆ ಮೊಳೆ ಹೊಡೆದ ಕನ್ನಡಿ ಇರಲಿಲ್ಲ, ನಮ್ಮವರ ಸೊಂಟ ನೋವೂ ಇರಲಿಲ್ಲ. ಈ ಸಮಸ್ಯೆಯನ್ನು ಯಾವ ಕೊರಿಯಾದವರೂ ಬಿಡಿಸಿಲ್ಲ.

ಅರ್ಧಕ್ಕೆ ಸಿಕ್ಕಿಕೊಂಡು ನಿಂತಿತು. ಸೋಫಾದ ಆಚೆ ನಾನು, ಈಚೆ ಅಡುಗೆಮನೆ. ಗಾಡಿಯವರು ಬರುವವರೆಗೆ ಹಾಗೇ ಇದ್ದೆವು.

ಇಬ್ಬರು ಹುಡುಗರು ಬಂದರು. ಒಳಗೆ ಬರಬಾರದು ಅನ್ನುವ ನಿಯಮವನ್ನು ಹೊಸ್ತಿಲಲ್ಲೇ ಒಂದು ಕ್ಷಣ ನೆನಪಿಸಿಕೊಂಡು, ಒಳಗೆ ಬಂದರು. ಒಬ್ಬ ಬಗ್ಗಿ ಸೋಫಾದ ನಾಲ್ಕು ಕಾಲನ್ನೂ ಕೈಯಲ್ಲೇ ತಿರುಗಿಸಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಇನ್ನೊಬ್ಬ ಒಂದು ಹಳೆಯ ಕಂಬಳಿ ಹಾಸಿದ. ಇಬ್ಬರೂ ಸೇರಿ ಸೋಫಾವನ್ನು ಅದರದೇ ಒಂದು ಪಕ್ಕದ ಕೈಯ ಮೇಲೆ ನೆಟ್ಟಗೆ ನಿಲ್ಲಿಸಿದರು, ಅದರ ಬೆನ್ನನ್ನು ಒಳಮೂಲೆಗೆ ತಾಗಿಸಿ ಹಾಗೇ ಸುತ್ತಿಸಿದರು, ಕಂಬಳಿ ಎಳೆದರು. ಸೋಫಾ ಹೊರಗೆ. ಗೋಡೆಗೆ ಒಂದು ಗೀರಿಲ್ಲ. ಅಂಕಲ್ "ನಾನು ಅದನ್ನೇ ಹೇಳ್ತಾ ಇದ್ದೆ" ಅಂದರು.

ಪುಸ್ತಕದ ಕಪಾಟು ಮಾತ್ರ ಬೇಡ ಅಂದರು. ಹುಡುಗ ಅದರ ಪಕ್ಕೆಗೆ ಬೆರಳಲ್ಲಿ ಟೊಕ್ ಟೊಕ್ ಅಂತ ಬಡಿದ, ಅಡಿಯ ಅಂಚು ಮುಟ್ಟಿ ನೋಡಿದ. ನೆಲ ಒರೆಸಿದ ನೀರು ಕುಡಿದು ಅದು ಉಬ್ಬಿತ್ತು. "ಪಾರ್ಟಿಕಲ್ ಬೋರ್ಡು ಮೇಡಂ, ಬಿಚ್ಚಿದರೆ ಮತ್ತೆ ಸ್ಕ್ರೂ ಹಿಡಿಯಲ್ಲ" ಅಂದ. ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ, ಮೇಲೆ ಮರದ ಚಿತ್ರ ಅಂಟಿಸಿದ್ದು. ನನಗೆ ಈಗಿನ ಪೀಠೋಪಕರಣ ಮಾಡುವವರ ಮೇಲೆ ನಿಜವಾದ ಕೋಪ ಇರುವುದು ಇಲ್ಲೇ. ಒಂದು ಸಲ ಜೋಡಿಸಬಹುದು, ಅದೂ ಭಾನುವಾರ ಇಡೀ ಕೂತು, ಗಂಡ ಹೆಂಡತಿ ಮಾತು ಬಿಡುವವರೆಗೆ. ಎರಡನೇ ಮನೆಗೆ ಹೋಗುವ ಯೋಗ ಅದಕ್ಕಿಲ್ಲ. ಕೊಡೋಣ ಅಂದರೂ ಕೊಡಲು ಬಾರದ ಸಾಮಾನನ್ನು ರಾಶಿ ರಾಶಿ ಮಾಡಿ ಮಾರುತ್ತಾರೆ, ಆಮೇಲೆ ನಾವು ಮನೆ ಹಗುರ ಮಾಡಿಕೊಳ್ಳಬೇಕು ಅಂತ ಉಪದೇಶ ಮಾಡಲು ಬೇರೆ ಜನ ಬರುತ್ತಾರೆ. ಆ ಉಪದೇಶಕರನ್ನು ಒಂದು ಸಲ ನಮ್ಮ ಓಣಿಗೆ ಕರೆದು ಕಪಾಟಿನ ಒಂದು ತುದಿ ಹಿಡಿಸಬೇಕು.

ಹೋಗುವ ಮೊದಲು ಹುಡುಗ ರಸೀದಿ ಬರೆದ. ವಸ್ತು: ಸೋಫಾ, ಒಂದು. ಸ್ಥಿತಿ: ಸಾಧಾರಣ.

ಸಾಧಾರಣವಾ? ಕೊಟ್ಟಾಯಿತು, ಹೋಗಲಿ ಅಂತ ಬಿಡಬೇಕು. ಆದರೆ ಮನಸ್ಸು ಹಾಗೆ ಕೆಲಸ ಮಾಡುವುದಿಲ್ಲ. 1990ರಲ್ಲಿ ಕಾನೆಮನ್, ನೆಚ್, ಥೇಲರ್ ಅನ್ನುವ ಮೂವರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಸುಮ್ನೆ ಒಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರೆ, ಕೊಳ್ಳುವವರು ಹೇಳಿದ ಬೆಲೆಯ ಎರಡು ಪಟ್ಟು ಹೇಳಿದರಂತೆ. ಆಗಷ್ಟೇ ಕೈಗೆ ಬಂದ ಮಗ್‌ಗೇ ಇಷ್ಟು. ನಾನು ಈ ಸೋಫಾದ ಮೇಲೆ ಜ್ವರದಲ್ಲಿ ಮಲಗಿದ್ದೇನೆ, ಮಗಳ ಪರೀಕ್ಷೆಗೆ ಜಾಗರಣೆ ಮಾಡಿದ್ದೇನೆ, ಬೇಡವಾದ ನೆಂಟರನ್ನು ನಗುನಗುತ್ತಾ ಕೂರಿಸಿದ್ದೇನೆ.

"ಉತ್ತಮ ಅಂತ ಬರಿಯಪ್ಪ" ಅಂದೆ.

ಅವನು ತಲೆ ಕೆರೆದುಕೊಂಡ. "ಉತ್ತಮ ಅನ್ನಬೇಕಾದರೆ ಎಲ್ಲಾ ಕುಶನ್ ಇರಬೇಕು ಮೇಡಂ. ಇದರಲ್ಲಿ ಒಂದು ಕಮ್ಮಿ ಇದೆ."

ಆ ಒಂದು ಕುಶನ್ ನಮ್ಮವರ ಕಂಪ್ಯೂಟರ್ ಕುರ್ಚಿಯ ಮೇಲಿತ್ತು, ಬೆಳಗ್ಗೆ ನಾನೇ ತೆಗೆದಿಟ್ಟದ್ದು, ಸೊಂಟಕ್ಕೆ ಅಂತ. ನಮ್ಮವರು ಕಿಟಕಿಯ ಕಡೆ ನೋಡಿದರು. ನಾನು ಪೆನ್ನು ಇಸಿದುಕೊಂಡು ಸಾಧಾರಣದ ಕೆಳಗೆ ಸಹಿ ಹಾಕಿದೆ.