ಫ್ಯಾನು ಹಾಕಬೇಡ, ಗುಂಡು ತೂಗುತ್ತಿದ್ದೇನೆ

ಇಂದು ಬೆಳಿಗ್ಗೆ ಎಣ್ಣೆ ಕಾಯಲು ಇಟ್ಟು ಒಗ್ಗರಣೆ ಡಬ್ಬಿ ತೆರೆದರೆ ಏಳು ಬಟ್ಟಲಲ್ಲೂ ಸೀಸದ ಗುಂಡುಗಳು. ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ ಎಲ್ಲವೂ ಪಕ್ಕದ ಸ್ಟೀಲ್ ಪಾತ್ರೆಯಲ್ಲಿ ಕಲಸುಮೇಲೋಗರವಾಗಿ ಕುಳಿತಿದ್ದವು. ಎಣ್ಣೆ ಹೊಗೆಯಾಡುತ್ತಿತ್ತು. ನಾನೂ.

ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. 2024ರಲ್ಲಿ ಮನು ಭಾಕರ್ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದಾಗ ಇವರಿಗೂ ಗುರಿ ಹಿಡಿಯುವ ಹುಚ್ಚು ಹತ್ತಿತು. ಲೈಸೆನ್ಸ್ ಬೇಡದ ಏರ್ ರೈಫಲ್, ಹತ್ತು ಮೀಟರ್ ದೂರದಲ್ಲಿ ಕಾಗದ, ಅದರ ನಟ್ಟನಡುವೆ ಅರ್ಧ ಮಿಲಿಮೀಟರಿನ ಚುಕ್ಕಿ. ಕನ್ನಡಕವಿಲ್ಲದೆ ಎದುರು ಮನೆಯವರ ಗುರುತು ಹಿಡಿಯದವರು ಆ ಚುಕ್ಕಿಗೆ ಹೊಡೆಯಬೇಕು. ಹೊಡೆದುಕೊಳ್ಳಲಿ, ನನಗೇನು? ಆದರೆ ಇವರು ಹೊಡೆಯುವುದಕ್ಕಿಂತ ಆರಿಸುವುದೇ ಹೆಚ್ಚು.

ಈ ಗುಂಡು ಹೆಸರಿಗೆ ಮಾತ್ರ ಗುಂಡು. ಸೊಂಟ ಸಣ್ಣ, ಕೆಳಗೆ ಲಂಗದಂತೆ ಅಗಲ, ತಲೆ ಮಟ್ಟಸ. ತಲೆ ಮಟ್ಟಸವಾಗಿದ್ದರೆ ಕಾಗದದಲ್ಲಿ ತೂತು ಅಚ್ಚುಕಟ್ಟಾಗಿ ಬೀಳುತ್ತದೆ. ಲಂಗದ ಅಂಚು ನಜ್ಜಾಗಿದ್ದರೆ ಎಸೆಯಬೇಕು. ತಲೆಯ ಅಳತೆಯಲ್ಲಿ 4.49, 4.50, 4.51 ಮಿಲಿಮೀಟರ್ ಎಂದು ಬೇರೆ ಬೇರೆ ಡಬ್ಬಿಗಳು. ಯಾವ ನಳಿಗೆಗೆ ಯಾವುದು ಒಗ್ಗುತ್ತದೆ ಎಂಬುದನ್ನು ರೈಫಲನ್ನು ಅಲುಗದಂತೆ ಬಿಗಿದು, ಹೊಡೆದು ನೋಡಿಯೇ ತಿಳಿಯಬೇಕಂತೆ. ನಮ್ಮ ಮದುವೆಗೂ ಇಷ್ಟೊಂದು ಜಾತಕ ನೋಡಿರಲಿಲ್ಲ.

ತೂಕದ ಕಥೆ ಇನ್ನೂ ದೊಡ್ಡದು. ಡಬ್ಬಿಯ ಮೇಲೆ 0.53 ಗ್ರಾಂ ಎಂದು ಮುದ್ರಿಸಿದ್ದರೂ ಇವರಿಗೆ ನಂಬಿಕೆಯಿಲ್ಲ. ಚಿನ್ನದ ಸಾಲದ ವಿಭಾಗದಲ್ಲಿ ಹನ್ನೆರಡು ವರ್ಷ ಕುಳಿತವರಲ್ಲವೇ? ಅಕ್ಕಸಾಲಿಗರ ಪುಟ್ಟ ತಕ್ಕಡಿ ತಂದು ಊಟದ ಮೇಜಿನ ಮೇಲಿಟ್ಟು, ಚಿಮಟದಿಂದ ಒಂದೊಂದೇ ಗುಂಡನ್ನು ಎತ್ತಿ ಇಡುತ್ತಾರೆ. ಡಬ್ಬಿಗೆ ಐನೂರು ಗುಂಡು. ಗಾಳಿಗೆ ಅಂಕಿ ಅಲುಗುತ್ತದೆಂದು ಏಪ್ರಿಲ್ ತಿಂಗಳಿನಲ್ಲಿ ಫ್ಯಾನು ಬಂದ್. ಮೊಮ್ಮಗ ಸೀನುವಂತಿಲ್ಲ. ಕುಕ್ಕರ್ ಕೂಗಿದರೆ ನಾನೇ ಕೂಗಿದೆನೇನೋ ಎಂಬಂತೆ ದುರುಗುಟ್ಟುತ್ತಾರೆ. ರಾಮನವಮಿಯ ಪಾನಕ ಕೊಡಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಏನ್ರೀ, ಒಡವೆ ಒತ್ತೆ ಇಡುತ್ತಿದ್ದೀರಾ?" ಎಂದು ಪಿಸುಗುಟ್ಟಿದರು. ಇವರು ತಲೆಯೆತ್ತದೆ, "ಬಾಗಿಲು ಹಾಕಿ, ಗಾಳಿ ಬರುತ್ತದೆ" ಎಂದರು. ಪಾನಕ ಹೊರಗೇ ಉಳಿಯಿತು.

ನಿನ್ನೆ ರಾತ್ರಿ 0.527ರಿಂದ 0.533ರವರೆಗೆ ಏಳು ಗುಂಪುಗಳಾದವಂತೆ. ಒಗ್ಗರಣೆ ಡಬ್ಬಿಯಲ್ಲೂ ಏಳೇ ಬಟ್ಟಲು. ದೈವಸಂಕಲ್ಪ.

"ಸೀಸ ವಿಷವಲ್ಲವೇನ್ರೀ?"

"ಅದಕ್ಕೇ ಕೈ ತೊಳೆದುಕೊಂಡೆನಲ್ಲ."

ತವರಿನಿಂದ ತಂದ ಡಬ್ಬಿ. ಅದನ್ನು ಇವರ ಕೈಗೇ ಕೊಟ್ಟು, ಸಾಸಿವೆ, ಜೀರಿಗೆಗಳನ್ನು ಕಸದ ಬುಟ್ಟಿಗೆ ಸುರಿದೆ.

ವಿದೇಶದಲ್ಲಿ ದೊಡ್ಡ ರೈಫಲಿನವರು ಹಾರಿಸಿ ಉಳಿದ ಹಿತ್ತಾಳೆಯ ತೋಟಾಕ್ಕೆ ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ತುಂಬಿ, ಬೇಕಾದ ಗುಂಡನ್ನು ಬಾಯಿಗೆ ಒತ್ತುತ್ತಾರಂತೆ. ಎಲ್ಲವೂ ಗ್ರೇನ್ ಎಂಬ ಪುಟ್ಟ ತೂಕದ ಲೆಕ್ಕ. ಇವರ ಗುಂಡು 8.2 ಗ್ರೇನ್, ನಮ್ಮ ಅಜ್ಜಿಯ ಲೆಕ್ಕದಲ್ಲಿ ನಾಲ್ಕು ಗುಲಗಂಜಿ ಚಿಲ್ಲರೆ. ಇದನ್ನೆಲ್ಲ ಹೇಳುವಾಗ ಇವರ ಕಣ್ಣಲ್ಲಿ ಒಂದು ಆಸೆ ಮಿನುಗುತ್ತದೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮದ್ದು ಮುಟ್ಟುವಂತಿಲ್ಲ. ಆ ಕಾನೂನು ಮಾಡಿದವರ ಹೊಟ್ಟೆ ತಣ್ಣಗಿರಲಿ.

ಇದೇ ಮಹಾಶಯರನ್ನು ದೇವರಾಜ ಮಾರುಕಟ್ಟೆಗೆ ಕಳುಹಿಸಿ ನೋಡಿ. ಈರನಗೆರೆ ಬದನೆ ಎಂದರೆ ನೇರಳೆ ಬಣ್ಣದ ಯಾವುದನ್ನೋ ತರುತ್ತಾರೆ. ಬೆಂಡೆಕಾಯಿಯಂತೂ ಹಗ್ಗ ಹೊಸೆಯಬಹುದು, ಅಷ್ಟು ಬಲಿತಿರುತ್ತದೆ. ತುದಿ ಮುರಿದು ನೋಡಲಿಲ್ಲವೇ ಎಂದರೆ, "ಎಲ್ಲ ಒಂದೇ ಥರ ಕಂಡವು" ಎನ್ನುತ್ತಾರೆ. ಹೋದ ವಾರ ಮಂಡ್ಯದಿಂದ ನಾದಿನಿ ಫೋನ್ ಮಾಡಿದಾಗ ಮೊಮ್ಮಗ ಎತ್ತಿಕೊಂಡು, "ತಾತ ಗುಂಡು ತರಲು ಹೋಗಿದ್ದಾರೆ" ಎಂದ. ಸಂಜೆಯೊಳಗೆ ಮಂಡ್ಯದ ನೆಂಟರೆಲ್ಲ ನನಗೆ ಸಮಾಧಾನ ಹೇಳಿದರು.

ಒಗ್ಗರಣೆ ಡಬ್ಬಿಯ ಬಲಿದಾನ ಏನಾಯಿತೆಂದು ನೋಡೋಣ ಎಂದು ಇಂದು ಸಂಜೆ ಇವರು ಗುರಿ ಹೊಡೆಯುವ ಶೂಟಿಂಗ್ ರೇಂಜಿಗೆ ನಾನೂ ಜೊತೆಗೆ ಹೋದೆ. ಜೀರಿಗೆ ಬಟ್ಟಲಿನ 0.530ರ ಗುಂಡುಗಳು. ಹತ್ತು ಹೊಡೆದರು. ನೂರಕ್ಕೆ ಅರವತ್ತೆಂಟು. ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದ ಹುಡುಗಿ ಮುಚ್ಚಳದಿಂದ ಕಡಲೆಕಾಯಿ ಎತ್ತಿಕೊಳ್ಳುವಂತೆ ಗುಂಡು ಎತ್ತಿ ತುಂಬುತ್ತಿದ್ದಳು. ತೊಂಬತ್ತೇಳು.

"ಅದು ಯಾವ ಅಳತೆ, ಮರಿ?" ಎಂದೆ.

"ಗೊತ್ತಿಲ್ಲ ಆಂಟಿ, ಸರ್ ಕೊಟ್ಟದ್ದು."

ನನಗೆ ದಸರಾ ವಸ್ತುಪ್ರದರ್ಶನ ನೆನಪಾಯಿತು. ಮದುವೆಯಾದ ಹೊಸತು. ಬಲೂನಿಗೆ ಹೊಡೆಯುವ ಅಂಗಡಿ, ತುಕ್ಕು ಹಿಡಿದ ಬಂದೂಕು, ಅಂಗಡಿಯವನು ತಗಡಿನ ಡಬ್ಬದಿಂದ ಕೆದಕಿ ಕೊಟ್ಟ ಗುಂಡು. ನನ್ನ ಕೈಯಲ್ಲಿ ಚುರುಮುರಿಯ ಪೊಟ್ಟಣ. ಇವರು ಆರಕ್ಕೆ ನಾಲ್ಕು ಒಡೆದರು. ಒಂದೊಂದು ಒಡೆದಾಗಲೂ ಬಲೂನಿನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು.

ಸ್ಕೂಟರಿನಲ್ಲಿ ಬರುವಾಗ ಬಲ್ಲಾಳ್ ವೃತ್ತದವರೆಗೆ ಮಾತಿಲ್ಲ. ಆಮೇಲೆ ತಲೆ ಅರ್ಧ ತಿರುಗಿಸಿ, "ಅವಳ ನಳಿಗೆಗೆ ಆ ಡಬ್ಬಿ ಒಗ್ಗಿಬಿಟ್ಟಿದೆ, ನೋಡು" ಎಂದರು.

ಪಾತ್ರೆ ಅಂಗಡಿಯ ಮುಂದೆ ತಾವಾಗಿಯೇ ಸ್ಕೂಟರ್ ನಿಲ್ಲಿಸಿದರು. ನನಗೆ ಹೊಸ ಒಗ್ಗರಣೆ ಡಬ್ಬಿ ಕೊಡಿಸಲು. ನನ್ನ ಕೋಪ ಅರ್ಧ ಇಳಿಯಿತು. ಹತ್ತು ನಿಮಿಷವಾದರೂ ಹೊರಗೆ ಬರಲಿಲ್ಲವೆಂದು ಒಳಗೆ ಇಣುಕಿದೆ. ಅಂಗಡಿಯವನನ್ನು ಕೇಳುತ್ತಿದ್ದರು: "ಒಂಬತ್ತು ಬಟ್ಟಲಿನದು ಇಲ್ಲವೇ?"