ಬೋರ್ಡೋ ಲೀಟರಿಗೆ ಎಷ್ಟು?

ಪಕ್ಕದ ಮನೆ ಭಾವ ಬಂದದ್ದು ಏಣಿ ಕೇಳಲಿಕ್ಕೆ. ಬಂದವನು ಜಗಲಿಯಲ್ಲಿ ಕೂತು, ಕವಳದ ತಟ್ಟೆ ಎಳೆದುಕೊಂಡು, ಏಣಿಯ ವಿಷಯ ಬಿಟ್ಟು ಉಳಿದದ್ದೆಲ್ಲ ಮಾತಾಡಿದ. ಮಾತಿನ ನಡುವೆ ಗೋಡೆಗೂಡಿನಲ್ಲಿದ್ದ ಬಾಟಲಿ ಅವನ ಕಣ್ಣಿಗೆ ಬಿತ್ತು. ಕನ್ನಡಕ ಏರಿಸಿ ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದ. ಔಷಧದ ಪ್ಯಾಕೆಟ್ಟಿನ ಮೇಲೆ ನೋಡಿ ನೋಡಿ ಅಭ್ಯಾಸವಾದ ಅಕ್ಷರಗಳೇ.

"ಬೋರ್ಡೋ ಈಗ ಬಾಟ್ಲಲ್ಲೂ ಬತ್ತಾ ಭಾವ? ಲೀಟರಿಗೆ ಎಷ್ಟು?"

ಒಳಗಿದ್ದ ನನ್ನ ತಂಗಿಯ ಮಗ ಬಿದ್ದು ಬಿದ್ದು ನಕ್ಕ. ಬಾಟಲಿ ತಂದವನು ಅವನೇ. ಬೆಂಗಳೂರಿನಲ್ಲಿ ಕೆಲಸ, ಮಳೆಗಾಲ ನೋಡಲು ಊರಿಗೆ ಬಂದಿದ್ದಾನೆ. ಮಳೆಗಾಲ ನೋಡಲು ಬರುವ ಜನರ ಮೇಲೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಅದರಲ್ಲಿ ಈ ನಗು ಬೇರೆ. ಭಾವನ ಪ್ರಶ್ನೆಯಲ್ಲಿ ನಗುವಂಥದ್ದು ಏನಿತ್ತು? ಶಿರಸಿ ಸೀಮೆಯಲ್ಲಿ ಯಾರ ಮನೆಗೆ ಹೋಗಿ ಬೋರ್ಡೋ ಅಂದರೂ ಅಡಿಕೆಗೆ ಹೊಡೆಯುವ ಔಷಧ ಕಲಸಿಟ್ಟ ಹಿತ್ತಲಿನ ನೀಲಿ ಡ್ರಮ್ಮು ತೋರಿಸುತ್ತಾರೆ. ಅದು ಫ್ರಾನ್ಸಿನ ಒಂದು ಊರು, ಅಲ್ಲಿ ಕೆಂಪು ವೈನ್ ಮಾಡುತ್ತಾರೆ ಎನ್ನುವುದು ನಮಗೆ ಬೇಕಿಲ್ಲದ ಸಂಗತಿ. ಊರಿಗಿಂತ ಔಷಧ ದೊಡ್ಡದಾಗಿದೆ, ಅಷ್ಟೇ.

"ಅಗ್ಗದ್ದೇ ಮಾವ, ಸಾವಿರದ ಒಂಬೈನೂರು" ಎಂದ ಅಳಿಯ. ಮುಕ್ಕಾಲು ಲೀಟರಿಗೆ! ಭಾವ ಮನಸ್ಸಿನಲ್ಲೇ ಡ್ರಮ್ಮಿಗೆಷ್ಟು ಎಂದು ಲೆಕ್ಕ ಹಾಕಿದ್ದು ಅವನ ಮುಖದಲ್ಲೇ ಕಂಡಿತು. ಆಮೇಲೆ ಅವನು ಏಣಿ ತೆಗೆದುಕೊಂಡು ಹೋದ. ಇನ್ನೂ ವಾಪಸು ತಂದಿಲ್ಲ.

ಅಳಿಯ ಹೇಳಿದ ಪ್ರಕಾರ ಇದು ಬ್ಲೆಂಡ್. ಅಂದರೆ ಒಂದೇ ಜಾತಿಯ ದ್ರಾಕ್ಷಿಯದ್ದಲ್ಲ. ಮೆರ್ಲೋ ಜಾಸ್ತಿ, ಕ್ಯಾಬರ್ನೆ ಸೊವಿನ್ಯೋ ಸ್ವಲ್ಪ. ಬೋರ್ಡೋ ಅಂದರೆ ಬೆರಕೆಯೇ ಅಂತೆ. ಸಮುದ್ರದ ಹತ್ತಿರದ ಊರು, ಮಳೆಯನ್ನು ನಂಬುವ ಹಾಗಿಲ್ಲ. ಮೆರ್ಲೋ ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ತಡ. ಒಂದಕ್ಕೆ ಮಳೆ ಹೊಡೆದರೆ ಇನ್ನೊಂದು ಕೈ ಹಿಡಿಯುತ್ತದೆ. ಇದನ್ನು ಕೇಳುತ್ತಾ ಕೂತವನಿಗೆ ಆ ರಾತ್ರಿ ಬೆರಕೆಯ ಬಗ್ಗೆ ಒಂದು ದೊಡ್ಡ ವಿಚಾರ ಹೊಳೆಯಿತು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ನಡುವೆ ಬಾಳೆ, ಬುಡದಲ್ಲಿ ಏಲಕ್ಕಿ ಹಾಕುವ ನಮಗೂ ಅದಕ್ಕೂ ಏನೋ ಸಂಬಂಧವಿದೆ ಅನ್ನಿಸಿತು. ಅದನ್ನು ಬರೆಯಲೆಂದೇ ಈಗ ಕೂತಿದ್ದು. ಅದಕ್ಕೂ ಮೊದಲು ನಮ್ಮ ಬೋರ್ಡೋ ಮಾಡುವ ಕ್ರಮ ಒಂದು ಹೇಳಿಬಿಡುತ್ತೇನೆ. ಬೇಗ ಮುಗಿಯುತ್ತದೆ.

ನೂರು ಲೀಟರ್ ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೇಳಲು ಸುಲಭ, ಅಲ್ವಾ? ಮೈಲುತುತ್ತವನ್ನು ಬೇರೆ ಕರಗಿಸಬೇಕು, ಸುಣ್ಣವನ್ನು ಬೇರೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಸುಣ್ಣವನ್ನು ತುತ್ತಕ್ಕೆ ಹೊಯ್ದರೆ ಕೆಟ್ಟಿತು. ಒಬ್ಬರು ನಿಧಾನ ಹೊಯ್ಯುತ್ತಿರಬೇಕು, ಇನ್ನೊಬ್ಬರು ಕೋಲಿನಲ್ಲಿ ತಿರುಗಿಸುತ್ತಿರಬೇಕು. ಕಬ್ಬಿಣದ ಪಾತ್ರೆ ಆಗದು. ನಮ್ಮ ಮನೆಯಲ್ಲಿ ಹೊಯ್ಯುವವನು ಅಪ್ಪ, ತಿರುಗಿಸುವವನು ನಾನು, ಎರಡೂ ತಪ್ಪು ಎನ್ನುವವನು ದೊಡ್ಡಪ್ಪ.

ಹದ ನೋಡುವುದು ಬ್ಲೇಡಿನಲ್ಲಿ. ಅಪ್ಪ ಕ್ಷೌರದ ಬ್ಲೇಡನ್ನು ದಾರಕ್ಕೆ ಕಟ್ಟಿ ಡ್ರಮ್ಮಿನೊಳಗೆ ಇಳಿಬಿಡುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಬ್ಲೇಡಿನ ಮೈಗೆ ತಾಮ್ರದ ಕೆಂಪು ಕೂತಿದ್ದರೆ ತುತ್ತ ಹೆಚ್ಚಾಗಿದೆ ಅಂತ ಲೆಕ್ಕ. ಇನ್ನಷ್ಟು ಸುಣ್ಣ ಬೇಕು. ಇಲ್ಲವಾದರೆ ಅಡಿಕೆಯ ಹೂಗೊಂಚಲಾದ ಹಿಂಗಾರವೂ ಎಳೆಕಾಯಿಯೂ ಸುಟ್ಟುಹೋಗುತ್ತವೆ. ಅದೇ ಬ್ಲೇಡಿನಲ್ಲಿ ಅಪ್ಪ ಆಮೇಲೆ ಗಡ್ಡವನ್ನೂ ಮಾಡಿಕೊಳ್ಳುತ್ತಿದ್ದ ಎಂದು ಆಯಿ ಈಗಲೂ ಹೇಳುತ್ತಾಳೆ. ಇದ್ದರೂ ಇರಬಹುದು. ನಮ್ಮ ಮನೆಯಲ್ಲಿ ಯಾವುದನ್ನೂ ಒಂದೇ ಸಲ ಬಳಸಿ ಎಸೆದ ದಾಖಲೆ ಇಲ್ಲ.

ಇಷ್ಟೆಲ್ಲ ಮಾಡುವುದು ಕೊಳೆಗೆ. ಕೊಳೆ ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಜುಲೈ ತಿಂಗಳಲ್ಲಿ ರಾತ್ರಿ ಮಳೆ ನಿಂತ ಹೊತ್ತಿಗೆ ತೋಟದಲ್ಲಿ ಟಪ್ ಟಪ್ ಅಂತ ಕೇಳುತ್ತದೆ. ಮೊದಲಿಗೆ ಎಲೆಯಿಂದ ಹನಿ ಬಿತ್ತು ಅಂದುಕೊಂಡು ಮಗ್ಗುಲಾಗುತ್ತೀರಿ. ಹನಿಯಲ್ಲ, ಕಾಯಿ. ಬೆಳಿಗ್ಗೆ ಹೋಗಿ ನೋಡಿದರೆ ಮರದ ಬುಡದಲ್ಲಿ ಹಸಿರು ಕಾಯಿಗಳು, ಅವುಗಳ ಮೈಮೇಲೆ ಬಿಳಿ ಬೂಷ್ಟು. ಹಿಂದಿನವರು ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುತ್ತಿದ್ದರು. ಪಕ್ಕದ ಮೈಸೂರು ಸಂಸ್ಥಾನದಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಕೊಳೆಯ ಮೂಲ ಹುಡುಕಿ, ಅದಕ್ಕೆ ಬೋರ್ಡೋ ಹೊಡೆಯಿರಿ ಎಂದು ಹೇಳಿಕೊಟ್ಟ. ಅದು 1910ರ ಆಸುಪಾಸಿನ ಮಾತು. ನಾವು ಆಗ ಮುಂಬೈ ಪ್ರಾಂತದಲ್ಲಿದ್ದೆವು. ಆದರೆ ಕೊಳೆಗೂ ಬೋರ್ಡೋಗೂ ಗಡಿ ಎಲ್ಲಿಂದ ಬರಬೇಕು.

ಫ್ರಾನ್ಸಿನಲ್ಲಿ ಇದು ಹುಟ್ಟಿದ ಕಥೆ ಇನ್ನೂ ಚಂದ. ಅಳಿಯನಿಗೆ ಗೊತ್ತಿರಲಿಲ್ಲ, ನಾನೇ ಹೇಳಿದೆ. (ಈ ವಾಕ್ಯ ಬರೆಯುವಾಗ ಆಗುವ ಖುಷಿ ಬೇರೆ.) 1882ರಲ್ಲಿ ಅಲ್ಲಿಯ ದ್ರಾಕ್ಷಿಗೂ ಒಂದು ಬೂಷ್ಟು ರೋಗ ಬಂದಿತ್ತು. ಅಮೆರಿಕದಿಂದ ತಂದ ಬಳ್ಳಿಗಳ ಜೊತೆ ಬಂದ ರೋಗ. ನಮ್ಮ ಕೊಳೆಗೆ ದಾಯಾದಿ ಅನ್ನಬಹುದು. ಮಿಲಾರ್ಡೆ ಎಂಬ ಪ್ರೊಫೆಸರು ಬೋರ್ಡೋ ಸೀಮೆಯ ಮೆಡಾಕ್ ಕಡೆ ನಡೆದು ಹೋಗುತ್ತಿದ್ದಾಗ ನೋಡುತ್ತಾನೆ, ತೋಟವೆಲ್ಲ ಎಲೆ ಉದುರಿ ಬೋಳು, ರಸ್ತೆ ಪಕ್ಕದ ಸಾಲು ಮಾತ್ರ ಹಸಿರು. ಆ ಎಲೆಗಳ ಮೇಲೆ ಏನೋ ನೀಲಿ ನೀಲಿ. ವಿಚಾರಿಸಿದರೆ, ದಾರಿಯಲ್ಲಿ ಹೋಗುವವರು ಹಣ್ಣು ಕದಿಯಬಾರದು ಅಂತ ಸುಣ್ಣ ಮತ್ತು ಮೈಲುತುತ್ತ ಕಲಸಿ ಎರಚಿದ್ದರಂತೆ. ವಿಷ ಅಂದುಕೊಂಡು ಹೆದರಲಿ ಅಂತ. 1885ರಲ್ಲಿ ಪ್ರೊಫೆಸರು ಲೋಕಕ್ಕೆ ಸಾರಿದ. ಅಂದರೆ ನಮ್ಮ ತೋಟ ಉಳಿದದ್ದು ಫ್ರಾನ್ಸಿನ ದ್ರಾಕ್ಷಿ ಕಳ್ಳರಿಂದ.

ಇದನ್ನು ಮೊದಲು ಓದಿದ ವರ್ಷ ನನಗೂ ಒಂದು ಹುಕಿ ಬಂತು. ನಮ್ಮಲ್ಲಿ ಕಳ್ಳರು ಅಂದರೆ ಮಂಗಗಳು. ಬಾಳೆಗೊನೆ ಬಲಿಯಲು ಬಿಡುವುದಿಲ್ಲ. ಪಟಾಕಿ ಹೊಡೆದಾಯಿತು, ಕವಣೆ ಬೀಸಿದ್ದಾಯಿತು, ಹುಲಿ ಗೊಂಬೆ ತಂದು ಕೂರಿಸಿದ್ದಾಯಿತು. ಗೊಂಬೆಯ ತಲೆಯ ಮೇಲೆ ಕೂತು ಒಂದು ಮಂಗ ಹೇನು ಹೆಕ್ಕಿಕೊಳ್ಳುತ್ತಿತ್ತು. ಸರಿ, ಪ್ರೊಫೆಸರ ದಾರಿಯೇ ಸರಿ ಎಂದು ಮದ್ದು ಹೊಡೆದು ಉಳಿದ ಬೋರ್ಡೋವನ್ನು ಅಂಚಿನ ನಾಲ್ಕು ಬಾಳೆಗೊನೆಗೆ ಚೆನ್ನಾಗಿ ಬಳಿದೆ. ಒಣಗಿದ ಮೇಲೆ ನೋಡಲು ನಿಜಕ್ಕೂ ಭಯವಾಗುವಂತಿತ್ತು. ಅಡಿಕೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ನೋಡಿದವನು, "ಹೆಗಡೇರೆ, ಇದೆಂಥ ಪೂಜೆ?" ಅಂದ.

ಮೂರನೇ ದಿನ ಮಂಗಗಳು ಬಂದವು. ಒಂದು ದೊಡ್ಡ ಗಂಡು ಗೊನೆಯನ್ನು ಮೂಸಿತು. ನಾನು ಬಚ್ಚಲ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಕಾಯಿ ಕಿತ್ತಿತು. ನನ್ನ ಕಡೆ ನೋಡಿತು, ಬೇಕಾದರೆ ಆಣೆ ಮಾಡುತ್ತೇನೆ. ಆಮೇಲೆ ನಿಧಾನವಾಗಿ ಸಿಪ್ಪೆ ಸುಲಿದು ತಿಂದಿತು. ಅದನ್ನು ನೋಡಿ ಉಳಿದವೂ ಸುಲಿದವು. ಸಂಜೆ ಹೊತ್ತಿಗೆ ಅಂಗಳದ ತುಂಬ ನೀಲಿ ಸಿಪ್ಪೆ. ಆಯಿ ಅದನ್ನು ಗುಡಿಸುತ್ತಾ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ದ್ರಾಕ್ಷಿಗೆ ಸುಲಿಯುವ ಸಿಪ್ಪೆ ಇಲ್ಲ ಎನ್ನುವುದನ್ನು ಪ್ರೊಫೆಸರು ಎಲ್ಲಾದರೂ ಬರೆದಿದ್ದರೆ ನಾನು ಬಾಳೆಗೆ ಕೈ ಹಾಕುತ್ತಿರಲಿಲ್ಲ.

ಹಾಂ, ಬಾಟಲಿ. ಅದರ ಬಾಯಿಗೆ ಬೆಂಡಿನ ಬಿರಡೆ. ತೆಗೆಯುವ ಸಲಕರಣೆ ಅಳಿಯ ತಂದಿರಲಿಲ್ಲ. ಮರಕ್ಕೆ ಹೊಡೆಯುವ ಉದ್ದ ಸ್ಕ್ರೂ ತಿರುಗಿಸಿ ಇಕ್ಕಳದಲ್ಲಿ ಎಳೆದೆವು. ಅರ್ಧ ಹೊರಗೆ ಬಂತು, ಇನ್ನರ್ಧ ಪುಡಿಯಾಗಿ ಒಳಗೆ ಬಿತ್ತು. ಮೆತ್ತಿಯ ಮೇಲೆ ಚಾ ಸೋಸುವ ಜರಡಿ ಒಯ್ದು ಸೋಸಿದೆವು. ಮರುದಿನ ಜರಡಿ ಯಾಕೆ ಕೆಂಪಾಗಿದೆ ಅಂತ ಆಯಿ ಕೇಳಿದಳು. ಮುರುಗಲು ಶರಬತ್ತು ಮಾಡಿದ್ದೆವು ಅಂದೆ.

"ಮುರುಗಲಿಗೆ ಈ ವಾಸನೆ ಇರ್ತಿಲ್ಲೆ" ಅಂದಳು. ಅಷ್ಟೇ.

ಅಳಿಯ ಸ್ಟೀಲ್ ಲೋಟದಲ್ಲೇ ವೈನನ್ನು ಗರಗರ ತಿರುಗಿಸಿದ, ಬಲ್ಬಿನ ಬೆಳಕಿಗೆ ಬಗ್ಗಿಸಿ ಹಿಡಿದ, ಮೂಗು ಒಳಗಿಟ್ಟ. ನನಗೆ ಅಪ್ಪನ ಬ್ಲೇಡು ನೆನಪಾಯಿತು. ನಾನು ಎರಡು ಗುಟುಕು ಕುಡಿದೆ. ಮೊದಲು ಹುಳಿ, ಆಮೇಲೆ ನಾಲಗೆಯ ಎರಡೂ ಬದಿ ಹಿಡಿದುಕೊಂಡಿತು. ಒಸಡು ಬಿಗಿಯಿತು. ಇದು ನನಗೆ ಚೆನ್ನಾಗಿ ಗೊತ್ತಿರುವ ರುಚಿ.

"ಇದು ಚೊಗರಲ್ಲವೋ?" ಅಂದೆ.

"ಟ್ಯಾನಿನ್ ಮಾವ. ಒಳ್ಳೆ ವೈನಿಗೆ ಅದು ಬೇಕು."

ಅದೇ ಚೊಗರು! ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಮಂದವಾಗಿ ಉಳಿಯುವುದು, ಕೆಂಪಡಿಕೆಗೆ ಬಣ್ಣ ಕೊಡುವುದು, ಅಂಗಿಗೆ ತಾಗಿದರೆ ಅಂಗಿ ಹರಿದರೂ ಹೋಗದ್ದು. ನಮ್ಮದು ಹಂಡೆಗಟ್ಟಲೆ ಇದೆ. ಅದನ್ನು ಯಾರೂ ಲೋಟದಲ್ಲಿ ತಿರುಗಿಸಿ ಮೂಸಿದ್ದಿಲ್ಲ.

ಬೋರ್ಡೋದವರದು ದರ್ಜೆ ಮಾಡುವುದರಲ್ಲೂ ಒಂದು ಗತ್ತು. 1855ರಲ್ಲಿ ದಲಾಲರು ಕೂತು, ಯಾವ ತೋಟದ ವೈನಿಗೆ ಎಷ್ಟು ದರ ಎಂದು ನೋಡಿ ಐದು ದರ್ಜೆ ಮಾಡಿದರು. ಆಮೇಲೆ ಮೇಲಿನ ದರ್ಜೆಗೆ ಬಡ್ತಿ ಅಂತ ಸಿಕ್ಕಿದ್ದು ಒಂದೇ ತೋಟಕ್ಕೆ, ಮೂತಾನ್ ರಾಥ್‌ಶೀಲ್ಡಿಗೆ, 1973ರಲ್ಲಿ. ನಮ್ಮಲ್ಲಿ ಅಡಿಕೆಗೆ ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಚಾಲಿ ಅಂತ ಇವೆ. ಹೋದ ವರ್ಷ ಒಬ್ಬ ವ್ಯಾಪಾರಿ ನಾನು ರಾಶಿ ಅಂತ ಒಯ್ದ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ಮುಖ ಸಿಂಡರಿಸಿ, ಕೆಳಗಿನ ದರ ಬರೆದ. ವಾರ ಬಿಟ್ಟು ಅದೇ ತೋಟದ, ಅದೇ ಹಂಡೆಯ ಅಡಿಕೆಯನ್ನು ಭಾವನ ಹೆಸರಿನಲ್ಲಿ ಕಳಿಸಿದೆ. ಪೂರ್ತಿ ದರ ಬಂತು. ನನ್ನ ಮುಖಕ್ಕೇ ಒಂದು ದರ್ಜೆ ಇದೆ ಅಂತ ಕಾಣುತ್ತದೆ, ಅದಕ್ಕೆ ಬಡ್ತಿ ಯಾವಾಗಲೋ.

ಹಾಗಂತ ಅಲ್ಲಿ ಎಲ್ಲರೂ ಸುಖವಾಗಿಲ್ಲ. ದೊಡ್ಡ ದರ್ಜೆಯ ಮನೆಗಳು ಕೆಲವೇ. ಉಳಿದವರು ನಮ್ಮ ಅಳಿಯ ತಂದಂಥ ಅಗ್ಗದ ಬಾಟಲಿಯವರು. ಜನ ಕೆಂಪು ವೈನ್ ಕುಡಿಯುವುದು ಕಡಿಮೆಯಾಗಿ ದಾಸ್ತಾನು ಉಳಿದು, 2023ರಲ್ಲಿ ಸರ್ಕಾರವೇ ಬಳ್ಳಿ ಕೀಳಿರಿ, ಹೆಕ್ಟೇರಿಗೆ 6,000 ಯೂರೋ ಕೊಡುತ್ತೇವೆ ಅಂದಿತು. ಕೇಳಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಬಯಲುಸೀಮೆಯಲ್ಲಿ ಭತ್ತದ ಗದ್ದೆಗೆಲ್ಲ ಬೋರ್ ಕೊರೆಸಿ ಅಡಿಕೆ ನೆಡುತ್ತಿದ್ದಾರಲ್ಲ, ಅದರ ಬಗ್ಗೆ ನನಗೆ ಹೇಳಲಿಕ್ಕಿದೆ, ಆದರೆ ಅದು ಬೇರೆ ಪ್ರಬಂಧ. ಬರೆದರೆ ಬಯಲುಸೀಮೆಯ ಬೀಗರು ಬೇಜಾರು ಮಾಡಿಕೊಳ್ಳುತ್ತಾರೆ.

ಅಳಿಯ ಮಳೆಗಾಲ ನೋಡಿ ಮುಗಿಸಿ ಬೆಂಗಳೂರಿಗೆ ಹೋದ. ಬಾಟಲಿಯಲ್ಲಿ ಕಾಲುಭಾಗ ಉಳಿದಿತ್ತು. ಅದೀಗ ವಿನೆಗರ್ ಆಗಿದೆ. ಬಾಟಲಿಯನ್ನು ಆಯಿ ತೊಳೆದಿಟ್ಟುಕೊಳ್ಳುತ್ತಾಳಂತೆ, ಜೇನುತುಪ್ಪಕ್ಕೆ ಒಳ್ಳೆಯದು, ಗಾಜು ದಪ್ಪ ಇದೆ ಅಂತ.

ಬೆರಕೆಯ ವಿಚಾರ ಹೇಳಬೇಕಿತ್ತು. ಮೆರ್ಲೋ ಮೊದಲು ಹಣ್ಣಾಗುತ್ತದೆ, ಕ್ಯಾಬರ್ನೆ ಆಮೇಲೆ, ಅಲ್ಲಿಂದ ಮೆಣಸಿನ ಬಳ್ಳಿಗೆ ಬಂದು, ಅಲ್ಲಿಂದ ಇನ್ನೆಲ್ಲಿಗೋ ಹೋಗಿತ್ತು ಅದು. ಎರಡು ಗುಟುಕಿನ ಮೇಲೆ ಬಹಳ ಸ್ಪಷ್ಟವಿತ್ತು. ಈಗ ಕೊನೆಗೌಡನ ಫೋನು ಬಂತು. ಮೊದಲ ಮದ್ದು ಹೊಡೆದು ಆಗಲೇ ನಲವತ್ತೈದು ದಿನ ದಾಟಿದೆ, ಎರಡನೆಯದು ಆಗಬೇಕು, ಪುನರ್ವಸು ಮಳೆ ಬಿಡುತ್ತಿಲ್ಲ. ನಾಳೆ ಹೊಳವಾದರೆ ಬೆಳಿಗ್ಗೆ ಏಳಕ್ಕೇ ಬರುತ್ತಾನಂತೆ. ಸುಣ್ಣ ನೆನೆಹಾಕಬೇಕು. ಭಾವನ ಮನೆಯಿಂದ ಏಣಿಯನ್ನೂ ತರಬೇಕು.