ಬಜೆಟ್‌ನಲ್ಲಿ ಅಬಕಾರಿ ಗುರಿಯ ಪಕ್ಕದಲ್ಲೇ ಚಿಕಿತ್ಸೆಯ ದುಡ್ಡನ್ನೂ ಓದಲಿ

ಐರ್ಲೆಂಡಿನ ಡಬ್ಲಿನ್‌ಗೆ ಬಂದ ಮೇಲೆ ನನಗೆ ಬಹಳ ಹಿಡಿಸಿದ್ದು ಇಲ್ಲಿನ ಡ್ರಗ್ಸ್ ಮತ್ತು ಆಲ್ಕೋಹಾಲ್ ಟಾಸ್ಕ್ ಫೋರ್ಸ್‌ಗಳು, ಅಂದರೆ ಚಟದ ಸಮಸ್ಯೆ ನೋಡಿಕೊಳ್ಳುವ ಸ್ಥಳೀಯ ಸಮಿತಿಗಳು. ಆರೋಗ್ಯ ಸೇವೆಯವರು, ಪೊಲೀಸರು, ನಗರಸಭೆಯವರು, ಸ್ವಯಂಸೇವಾ ಸಂಸ್ಥೆಯವರು, ಜೊತೆಗೆ ಅದೇ ಬಡಾವಣೆಯ ಜನ, ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. 1980ರ ದಶಕದಲ್ಲಿ ಹೆರಾಯಿನ್ ಈ ಊರಿನ ಬಡ ಕೇರಿಗಳಿಗೆ ನುಗ್ಗಿತು. ಆಗ ಮೊದಲು ಬೀದಿಗಿಳಿದವರು ಅಪ್ಪ ಅಮ್ಮಂದಿರು. ಸರ್ಕಾರ 1996ರಲ್ಲಿ ಒಂದು ವರದಿ ತರಿಸಿಕೊಂಡು, ಮರುವರ್ಷ ಹೆಚ್ಚು ಪೆಟ್ಟು ತಿಂದ ಕಡೆ ಈ ಸಮಿತಿಗಳನ್ನು ಶುರುಮಾಡಿತು. ಈಗ ದೇಶದಲ್ಲಿ ಒಟ್ಟು 24 ಇವೆ.

ಒಮ್ಮೆ ಇಲ್ಲಿನ ನಮ್ಮ ಕಡೆಯ ಟಾಸ್ಕ್ ಫೋರ್ಸ್‌ನ ಸಾರ್ವಜನಿಕ ಸಭೆಗೆ ಹೋಗಿದ್ದೆ. ಒಬ್ಬ ತಾಯಿ ಎದ್ದು ನಿಂತು, ನನ್ನ ಮಗನಿಗೆ ಮೆಥಡೋನ್ (ಹೆರಾಯಿನ್ ಚಟಕ್ಕೆ ಬದಲಾಗಿ ಕೊಡುವ ಔಷಧಿ) ಕೊಡುವ ಹೊತ್ತೂ ಅವನ ಕೆಲಸದ ಹೊತ್ತೂ ಒಂದೇ ಆಗಿದೆ, ಅವನು ಕೆಲಸ ಬಿಡಬೇಕಾ ಔಷಧಿ ಬಿಡಬೇಕಾ ಅಂತ ಕೇಳಿದರು. ಉತ್ತರ ಕೊಡಬೇಕಾದ ಅಧಿಕಾರಿ ಎದುರಿಗೇ ಕೂತಿದ್ದರು, ಬರೆದುಕೊಂಡರು. ರಾಷ್ಟ್ರೀಯ ನೀತಿ ಅಂತ ಎಷ್ಟು ಪುಟ ಬರೆದರೂ ಇಂಥ ಪ್ರಶ್ನೆ ಅದರಲ್ಲಿ ಇರುವುದಿಲ್ಲ.

ಇಲ್ಲೂ ಎಲ್ಲ ಸರಿಯಿದೆ ಅಂತಲ್ಲ. ಡ್ರಗ್ಸ್ ಚುಚ್ಚಿಕೊಳ್ಳುವವರು ಬೀದಿಯಲ್ಲಿ ಸಾಯಬಾರದು, ನರ್ಸ್‌ಗಳ ಕಣ್ಣೆದುರಿಗೇ ಚುಚ್ಚಿಕೊಳ್ಳುವ ಒಂದು ಕೇಂದ್ರ ಇರಲಿ ಅಂತ 2017ರಲ್ಲೇ ಕಾನೂನು ಮಾಡಿದರು. ಪಕ್ಕದ ಶಾಲೆಯವರು ವಿರೋಧಿಸಿದರು, ಅನುಮತಿ ಸಿಗಲಿಲ್ಲ, ಕೋರ್ಟಿಗೆ ಹೋಯಿತು. ಕೊನೆಗೆ ಡಬ್ಲಿನ್‌ನ ಮರ್ಚೆಂಟ್ಸ್ ಕೀ ಬೀದಿಯಲ್ಲಿ ಆ ಕೇಂದ್ರ ಬಾಗಿಲು ತೆರೆದದ್ದು 2024ರ ಡಿಸೆಂಬರಿನಲ್ಲಿ. ಆ ಏಳು ವರ್ಷ ಜಾಸ್ತಿಯೇ ಆಯಿತು. ಆದರೂ ಊರಿನವರನ್ನು ಕೇಳದೆ ಮೇಲಿನಿಂದ ಹೇರುವುದಕ್ಕಿಂತ ಇದೇ ವಾಸಿ ಅಂತ ನಾನು ನಂಬುತ್ತೇನೆ.

ಇನ್ನು ನಮ್ಮಲ್ಲಿ. ಕಾಳಜಿ ಇರುವ ಜನಕ್ಕೆ ಕರ್ನಾಟಕದಲ್ಲಿ ಏನೂ ಕೊರತೆಯಿಲ್ಲ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳನ್ನೇ ನೋಡಿ, ಊರಿನವರೇ ಸೇರಿ ಅಡುಗೆ ಮಾಡಿ ಹಾಕಿ, ಕುಡಿತ ಬಿಟ್ಟವರನ್ನು ನವಜೀವನ ಸಮಿತಿ ಅಂತ ಕೂಡಿಸಿ, ಮತ್ತೆ ಜಾರದಂತೆ ನೋಡಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಕೇಂದ್ರದ ನಶಾಮುಕ್ತ ಭಾರತ ಅಭಿಯಾನ 2020ರಿಂದ ಇದೆ, ಅದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಮಿತಿಯೂ ಇದೆ, 14446 ಸಹಾಯವಾಣಿಯೂ ಇದೆ. ಆದರೆ ಅಭಿಯಾನ ಸಾಮಾಜಿಕ ನ್ಯಾಯದವರದ್ದು, ಆಸ್ಪತ್ರೆ ಆರೋಗ್ಯದವರದ್ದು, ಗಾಂಜಾ ಕೇಸು ಪೊಲೀಸರದ್ದು, ಲೈಸೆನ್ಸು ಅಬಕಾರಿಯವರದ್ದು. ಇವರಲ್ಲಿ ಪ್ರತಿ ವರ್ಷ ಇಷ್ಟು ದುಡ್ಡು ತರಲೇಬೇಕು ಅಂತ ಗುರಿ ಇರುವುದು ಅಬಕಾರಿಯವರಿಗೆ. 2025-26ರ ಬಜೆಟ್‌ನಲ್ಲಿ ಅದು 40,000 ಕೋಟಿ ರೂಪಾಯಿ ಇತ್ತು.

ದಿನಾ ಕುಡಿಯುವವನು ಏಕಾಏಕಿ ನಿಲ್ಲಿಸಿದರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವಕ್ಕೇ ಅಪಾಯ. ಹಾಗಾಗಿ ಯಾವ ಊರಿನಲ್ಲಿ ಯಾವಾಗ ಶಿಬಿರ ಅಂತ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು. ಶಿಬಿರ ಮುಗಿಸಿ ಬಂದವನಿಗೆ ಕಿರಾಣಿ ಅಂಗಡಿಯಲ್ಲೇ ಮದ್ಯದ ಟೆಟ್ರಾ ಪ್ಯಾಕೆಟ್ ಸಿಗುತ್ತದಲ್ಲ, ಅದನ್ನು ಯಾರು ನಿಲ್ಲಿಸಬೇಕು? 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದ ಹೆಂಗಸರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಅವರು ಕೇಳಿದ್ದು ಮದ್ಯದ ಪೂರ್ತಿ ನಿಷೇಧ. ನನಗೆ ನಿಷೇಧದಲ್ಲಿ ನಂಬಿಕೆ ಕಮ್ಮಿ, ಕಳ್ಳಬಟ್ಟಿಗೆ ದಾರಿಯಾಗುತ್ತದೆ ಅನ್ನುವ ಭಯ. ಆದರೆ ಬೇಡಿಕೆ ಒಪ್ಪದಿದ್ದರೂ ಅವರನ್ನು ಕೂರಿಸಿಕೊಂಡು ಮಾತಾಡಬಹುದಲ್ವಾ?

ತಾಲ್ಲೂಕಿಗೊಂದು ಸಮಿತಿ ಆಗಲಿ. ಅದರಲ್ಲಿ ಡಾಕ್ಟರು, ಸಬ್ ಇನ್‌ಸ್ಪೆಕ್ಟರು, ಆಶಾ ಕಾರ್ಯಕರ್ತೆ, ಮಹಿಳಾ ಸಂಘದವರು, ಕುಡಿತ ಬಿಟ್ಟವರು ಇರಲಿ. ಅಬಕಾರಿ ಇನ್‌ಸ್ಪೆಕ್ಟರು ಅವರೆದುರು ಕೂತು ಉತ್ತರ ಕೊಡಲಿ. ಸಮಿತಿಗೆ ಸ್ವಂತ ದುಡ್ಡೂ ಬೇಕು, ಸುಮ್ನೆ ಸಭೆ ಮಾಡಿ ಚಹಾ ಕುಡಿದು ಏಳುವುದಕ್ಕಲ್ಲ. ಆ 40,000 ಕೋಟಿಯ ಅಬಕಾರಿ ಗುರಿಯಲ್ಲಿ ನೂರಕ್ಕೆ ಒಂದು ರೂಪಾಯಿ ತೆಗೆದಿಟ್ಟರೂ 400 ಕೋಟಿ ಆಗುತ್ತದೆ.